ನಾರುಹುಣ್ಣು: ಕಲಬುರ್ಗಿ ಸೀಮೆಯ ಬಾವಿಗಳ ಚರಿತ್ರೆಯಲ್ಲೊಂದು ಪ್ರಕರಣ

ಊರಿನ ಚರಿತ್ರೆಯನ್ನು ಬರೆಯುವವರು ಕೋಟೆ ಕೊತ್ತಲಗಳನ್ನೂ ಗುಡಿ ಗುಮ್ಮಟಗಳನ್ನೂ ಅವನ್ನು ಕಟ್ಟಿಸಿದ ಅರಸರ ವಂಶಾವಳಿಯನ್ನೂ ಮೊದಲು ವಿಚಾರಿಸುವುದು ವಾಡಿಕೆ. ಕಲಬುರ್ಗಿಯ ವಿಷಯದಲ್ಲಿ ಈ ವಾಡಿಕೆಗೆ ಬೇಕಾದ ಸಾಮಗ್ರಿಯು ಧಾರಾಳವಾಗಿದೆ. 1347ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾದಾಗ ಈ ಊರೇ ಅದರ ರಾಜಧಾನಿಯಾಯಿತು. ಕೋಟೆಯೊಳಗಣ ಜಾಮಿ ಮಸೀದಿ, ಬಂದೇನವಾಜರ ದರ್ಗಾ, ಶರಣಬಸವೇಶ್ವರರ ಗುಡಿ ಇವುಗಳ ಕೀರ್ತಿಯು ದೂರದವರೆಗೆ ಹಬ್ಬಿರುವುದು. ಆದರೆ ಆ ಕೋಟೆಯಲ್ಲಿ ವಾಸಿಸಿದವರೂ, ಆ ಉರುಸಿಗೂ ಜಾತ್ರೆಗೂ ಬಂದವರೂ, ಸುತ್ತಣ ಹಳ್ಳಿಗಳಲ್ಲಿ ಜೋಳ ತೊಗರಿಗಳನ್ನು ಬೆಳೆದವರೂ ಎಂತಹ ನೀರನ್ನು ಕುಡಿದರು, ಆ ನೀರನ್ನು ಶುಚಿಯಾಗಿಡುವ ಹೊಣೆಯನ್ನು ಯಾರು ಹೊತ್ತರು ಎಂಬುದನ್ನು ಶಾಸನಗಳು ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಬಾವಿಗಳ ಬಳಿಗೆ ಹೋಗಬೇಕು; ಊರಿನ ಆರೋಗ್ಯವನ್ನು ನೋಡಿಕೊಳ್ಳಲು ಏರ್ಪಟ್ಟ ಸ್ಥಳೀಯ ಮಂಡಲಿಗಳ ದಫ್ತರಗಳಲ್ಲಿ ಏನು ಬರೆಯಲ್ಪಟ್ಟಿತು, ಏನು ಬರೆಯದೆ ಉಳಿಯಿತು ಎಂಬುದನ್ನು ಆಲೋಚಿಸಬೇಕು.

ಕಲಬುರ್ಗಿಯು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗರು ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿ ಆಡಳಿತವನ್ನು ಹೊಸ ಕ್ರಮದಲ್ಲಿ ನಿಲ್ಲಿಸಿದರು. ಜಿಲ್ಲೆಗೆ ಅವ್ವಲ ತಾಲ್ಲೂಕುದಾರನೆಂಬ ಅಧಿಕಾರಿಯೂ ತಾಲ್ಲೂಕಿಗೆ ತಹಸೀಲ್ದಾರನೂ ನೇಮಕವಾದರು. 1871ರಲ್ಲಿ ಮುಂಬಯಿಯಿಂದ ರಾಯಚೂರಿನವರೆಗಿನ ರೈಲು ದಾರಿಯು ಪೂರ್ಣವಾಗಲು, ಆ ದಾರಿಯಲ್ಲಿದ್ದ ಕಲಬುರ್ಗಿಗೆ ವ್ಯಾಪಾರವೂ ಜನಸಂಚಾರವೂ ಹೆಚ್ಚಿದವು. 1901ರ ಜನಗಣತಿಯ ವೇಳೆಗೆ ಪಟ್ಟಣದಲ್ಲಿ ಸುಮಾರು 29,000 ಜನರಿದ್ದರು. ಭೂಕಂದಾಯದ ಪ್ರತಿಯೊಂದು ರೂಪಾಯಿಗೂ ಒಂದು ಆಣೆಯಂತೆ ಸ್ಥಳೀಯ ಪಟ್ಟಿಯನ್ನು ಎತ್ತಿ, ರಸ್ತೆ, ಶಾಲೆ, ದವಾಖಾನೆ ಮೊದಲಾದ ಕೆಲಸಗಳಿಗೆ ವೆಚ್ಚ ಮಾಡುವ ಪದ್ಧತಿಯು ಆ ಸಂಸ್ಥಾನದಲ್ಲಿ ನೆಲೆಗೊಂಡಿತು. ಇದನ್ನು ನಡೆಸಲು ಜಿಲ್ಲಾ ಮಂಡಲಿಯೂ ತಾಲ್ಲೂಕು ಮಂಡಲಿಗಳೂ ಏರ್ಪಟ್ಟವು. ಅಧ್ಯಕ್ಷತೆಯು ಕಂದಾಯದ ಅಧಿಕಾರಿಗಳಲ್ಲಿಯೇ ಇದ್ದುದರಿಂದ ಇವನ್ನು ಪ್ರಜೆಗಳ ಮಂಡಲಿಗಳೆಂದು ಹೇಳಲಾಗದು. ಆದರೂ ಊರಿನ ಕಸ, ಊರಿನ ನೀರು, ಊರಿನ ರೋಗ ಇವು ಸರ್ಕಾರದ ದಫ್ತರಕ್ಕೆ ಸೇರತಕ್ಕ ವಿಷಯಗಳೆಂಬ ಭಾವನೆಯು ಬೇರೂರಿದುದು ಇವುಗಳಿಂದಲೇ.

ಈ ಮಂಡಲಿಗಳ ಮುಂದೆ ಮೊದಲು ಬಂದು ನಿಂತ ಶತ್ರುಗಳು ಗದ್ದಲ ಮಾಡಿ ಬರುವಂತಹವು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ದಾರಿಗಳನ್ನು ಹಿಡಿದು ದಖನ್ನಿನೊಳಕ್ಕೆ ಇಳಿಯಿತು. ಕಲಬುರ್ಗಿಯಂತಹ ನಿಲ್ದಾಣದ ಊರುಗಳಿಗೆ ಇದಕ್ಕಿಂತ ಹೆಚ್ಚಿನ ಭೀತಿಯಿರಲಿಲ್ಲ. ನೆರೆಯ ಹುಬ್ಬಳ್ಳಿಯಲ್ಲಿ 1898ರಲ್ಲಿ ಹಾಫ್ಕಿನ್ನರ ಲಸಿಕೆಯನ್ನು ಸಾವಿರಾರು ಜನರಿಗೆ ಹಾಕಲಾಯಿತು. ಕಾಲರಾ ರೋಗವಾದರೋ ಜಾತ್ರೆಗಳ ಬೆನ್ನುಹತ್ತಿ ಬರುತ್ತಿದ್ದಿತು. ಭೀಮಾ ತೀರದ ಗಾಣಗಾಪುರದ ಯಾತ್ರೆ, ಶರಣಬಸವೇಶ್ವರರ ರಥೋತ್ಸವ, ಬಂದೇನವಾಜರ ಉರುಸು ಇವುಗಳಿಗೆ ನೆರೆಯುವ ಸಾವಿರಾರು ಜನರು ಒಂದೇ ಹೊಂಡದ ಇಲ್ಲವೆ ಹೊಳೆಯ ನೀರನ್ನು ಬಳಸುವಲ್ಲಿ ಆ ರೋಗಕ್ಕೆ ದಾರಿಯು ತೆರೆದೇ ಇರುತ್ತದೆ. ಇಂತಹ ರೋಗಗಳು ಬಂದಾಗ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವರು. ಅಧಿಕಾರಿಗಳು ಸಂಚಾರ ಹೊರಡುವರು. ಸತ್ತವರ ಲೆಕ್ಕವು ಪೇಟೆಯಿಂದ ಪೇಟೆಗೆ ಹರಿಯುವುದು. ರೋಗವು ಹಿಮ್ಮೆಟ್ಟಿದ ಮೇಲೆ ಎಲ್ಲವೂ ಮೊದಲಿನಂತಾಗುವುದು.

ಆದರೆ ಇದೇ ಸೀಮೆಯಲ್ಲಿ ಗದ್ದಲವಿಲ್ಲದ ರೋಗವೊಂದು ತಲೆತಲಾಂತರದಿಂದ ನೆಲೆಸಿದ್ದಿತು. ಅದರಿಂದ ಊರು ಬಿಟ್ಟು ಓಡಿದವರಿಲ್ಲ. ಸತ್ತವರು ಬಹಳ ವಿರಳ. ಅದೇ ನಾರುಹುಣ್ಣು. ಆಯುರ್ವೇದ ಗ್ರಂಥಗಳಲ್ಲಿ ಇದಕ್ಕೆ ಸ್ನಾಯುಕವೆಂಬ ಹೆಸರಿದೆ. ಉರ್ದು ಮರಾಠಿಗಳಲ್ಲಿಯೂ ಇದು ನಾರೂ ಎಂದೇ ಪ್ರಸಿದ್ಧ. ಕಾಲಿನಲ್ಲಿ, ಹೆಚ್ಚಾಗಿ ಮೊಣಕಾಲಿನ ಕೆಳಗೆ, ಉರಿಯುಳ್ಳ ಒಂದು ಬೊಕ್ಕೆ ಏಳುವುದು. ಅದು ಒಡೆದಲ್ಲಿ ಬಿಳಿಯ ದಾರದಂತಹ ಹುಳುವಿನ ತುದಿಯು ಕಾಣುವುದು. ಆ ಹುಳುವು ಎರಡು ಮೂರು ಅಡಿಗಳಷ್ಟು ಉದ್ದವಿರುವುದರಿಂದ ಒಮ್ಮೆಗೇ ಎಳೆದು ತೆಗೆಯಲಾಗದು. ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ ವಾರಗಟ್ಟಲೆ ಸೆಳೆಯಬೇಕು. ಆತುರಪಟ್ಟು ಎಳೆದು ಹುಳುವು ತುಂಡಾದರೆ ಕಾಲು ಬಾತು ಕೀವು ತುಂಬುವುದು. ಕೆಲವರಿಗೆ ಕೀಲು ಶಾಶ್ವತವಾಗಿ ಬಿಗಿಯುವುದೂ ಉಂಟು. ಹುಳುವು ಹೊರಬೀಳುವುದು ಹೆಚ್ಚಾಗಿ ಬೇಸಗೆಯಲ್ಲಿ ಮತ್ತು ಮುಂಗಾರಿನ ಮೊದಲಲ್ಲಿ. ಎಂದರೆ ಒಕ್ಕಲಿಗನು ಹೊಲವನ್ನು ಹಸನು ಮಾಡಿ ಬಿತ್ತನೆಗೆ ಸಿದ್ಧನಾಗಬೇಕಾದ ಹೊತ್ತಿಗೇ ಅವನ ಕಾಲು ಕಟ್ಟಿಬೀಳುತ್ತಿದ್ದಿತು. ಒಂದು ಮನೆಯಲ್ಲಿ ಇಬ್ಬರು ಮೂವರು ಹಾಸಿಗೆ ಹಿಡಿದರೆ ಆ ವರ್ಷದ ಬೆಳೆಯೇ ಕೈಬಿಟ್ಟಂತೆ. ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಇದಕ್ಕೆ ಲಸಿಕೆಯು ಅಂದೂ ಇರಲಿಲ್ಲ, ಇಂದೂ ಇಲ್ಲ. ಹುಳುವನ್ನು ಒಳಗೇ ಕೊಲ್ಲುವ ಔಷಧವೂ ಇಲ್ಲ.

ಈ ರೋಗಕ್ಕೂ ಬಾವಿಗೂ ಇರುವ ನಂಟು ಆಶ್ಚರ್ಯಕರವಾದುದು. ಕಲಬುರ್ಗಿಯ ನೆಲವು ಮೇಲೆ ಎರೆಮಣ್ಣು, ಕೆಳಗೆ ಕರಿಕಲ್ಲು. ಭೀಮೆಯ ಕಡೆಗೆ ಹೋದಂತೆ ಶಹಾಬಾದಿನ ಹಾಸುಗಲ್ಲು. ಹೊಳೆಗಳು ಬೇಸಗೆಯಲ್ಲಿ ಸೊರಗುವ ಈ ನಾಡಿನಲ್ಲಿ ಕಲ್ಲನ್ನು ಕಡಿದು ವಿಶಾಲವಾದ ಬಾವಿಗಳನ್ನು ತೋಡಿ, ನೀರಿನವರೆಗೂ ಪಾವಟಿಗೆಗಳನ್ನು ಇಳಿಸಿ ಕಟ್ಟುವುದು ಪೂರ್ವಿಕರ ಕ್ರಮವಾಗಿದ್ದಿತು. ನೀರು ಎಷ್ಟು ಕೆಳಕ್ಕೆ ಹೋದರೂ ಹಗ್ಗವಿಲ್ಲದೆ ಕೊಡವನ್ನು ತುಂಬಿಕೊಳ್ಳಬಹುದೆಂಬುದು ಅದರ ಗುಣ. ಪುಣ್ಯಕಾರ್ಯವೆಂದು ಇದನ್ನು ಕಟ್ಟಿಸಿದವರು ಅನೇಕರು. ಆದರೆ ಆ ಗುಣದಲ್ಲಿಯೇ ದೋಷವು ಅಡಗಿದ್ದಿತು. ಕೊಡ ತುಂಬುವವಳು ಕೊನೆಯ ಪಾವಟಿಗೆಯಲ್ಲಿ ಮೊಣಕಾಲಿನವರೆಗೆ ನೀರಿನಲ್ಲಿ ನಿಲ್ಲುವಳು. ಉರಿಯುವ ಹುಣ್ಣಿಗೆ ತಣ್ಣೀರು ಹಿತವಾದುದರಿಂದ ರೋಗಿಯು ಅಲ್ಲಿಯೇ ಕಾಲಿಳಿಸುವನು. ಹುಣ್ಣಿಗೆ ನೀರು ಸೋಕಿದೊಡನೆ ಹುಳುವು ಲಕ್ಷಗಟ್ಟಲೆ ಮರಿಗಳನ್ನು ಹೊರಚೆಲ್ಲುವುದು. ಕಣ್ಣಿಗೆ ಚುಕ್ಕಿಯಷ್ಟೇ ಕಾಣುವ, ಸೈಕ್ಲಾಪ್ಸ್ ಎಂಬ ಜಲಕೀಟವು ಅವನ್ನು ನುಂಗುವುದು. ಎರಡು ವಾರಗಳಲ್ಲಿ ಮರಿಯು ಕೀಟದೊಳಗೆ ಬಲಿಯುವುದು. ಆ ನೀರನ್ನು ಸೋಸದೆ ಕುಡಿದವನ ಕಾಲಿನಲ್ಲಿ ಹೆಚ್ಚುಕಡಮೆ ಒಂದು ವರ್ಷದ ಬಳಿಕ ಅದೇ ಹುಳುವು ತಲೆಯೆತ್ತುವುದು. ಹೋದ ಬೇಸಗೆಯಲ್ಲಿ ಕುಡಿದ ನೀರಿಗೂ ಈ ಬೇಸಗೆಯ ಹುಣ್ಣಿಗೂ ಸಂಬಂಧವಿದೆಯೆಂದು ಯಾರು ತಾನೇ ಊಹಿಸಿಯಾರು? ದೈವದ ಕೋಪವೆಂದೋ ರಕ್ತದೋಷವೆಂದೋ ಜನರು ನಂಬಿದುದರಲ್ಲಿ ಅಚ್ಚರಿಯಿಲ್ಲ.

ಈ ಗುಟ್ಟು 1870ರ ಸುಮಾರಿನಲ್ಲಿ ತುರ್ಕಿಸ್ತಾನದಲ್ಲಿ ರಷ್ಯ ದೇಶದ ಫೆಡ್‌ಚೆಂಕೊ ಎಂಬ ವಿದ್ವಾಂಸನಿಂದ ಬಯಲಾಯಿತು. ಕನ್ನಡನಾಡಿನಲ್ಲಿ ಇದನ್ನು ಆಳವಾಗಿ ಶೋಧಿಸಿದ ಕೀರ್ತಿಯು ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಗೆ ಸಲ್ಲುವುದು. 1930ರ ದಶಕದಲ್ಲಿ ವಿ. ಎನ್. ಮೂರ್ತಿಯವರು ರಾಕ್‌ಫೆಲ್ಲರ್ ಪ್ರತಿಷ್ಠಾನದ ಡಾಕ್ಟರ್ ಸ್ವೀಟರೊಡನೆ ಚಿತ್ರದುರ್ಗ ಜಿಲ್ಲೆಯ ಮೆಟ್ಟಿಲುಬಾವಿಗಳನ್ನು ಪರೀಕ್ಷಿಸಿ, ಸೈಕ್ಲಾಪ್ಸನ್ನು ತಿನ್ನುವ ಬಾರ್ಬಸ್ ಜಾತಿಯ ಸಣ್ಣ ಮೀನುಗಳನ್ನು ಬಾವಿಗಳಲ್ಲಿ ಬಿಟ್ಟು ರೋಗವನ್ನು ತಗ್ಗಿಸುವ ಉಪಾಯವನ್ನು ಪ್ರಯೋಗಿಸಿ ನೋಡಿದರು. ಹೀಗೆ ತುಂಗಭದ್ರೆಯ ದಕ್ಷಿಣದಲ್ಲಿ ನಡೆದ ಕೆಲಸವು ಉತ್ತರದ ಊರುಗಳಿಗೂ ಅನ್ವಯಿಸತಕ್ಕದ್ದೇ ಆಗಿದ್ದಿತು. ಏಕೆಂದರೆ ಬಾವಿಯೂ ಒಂದೇ, ಹುಳುವೂ ಒಂದೇ.

ಕಾರಣವೂ ಉಪಾಯವೂ ತಿಳಿದ ಮೇಲೆಯೂ ರೋಗವು ಅರ್ಧಶತಮಾನದವರೆಗೆ ಏಕೆ ಉಳಿಯಿತು? ಹಣದ ಕೊರತೆಯೆಂಬುದು ಅರ್ಧ ಉತ್ತರ. ಉಳಿದರ್ಧವು ದಫ್ತರದಲ್ಲಿದೆ. ಸ್ಥಳೀಯ ಮಂಡಲಿಗಳು ಆರೋಗ್ಯದ ವಿಷಯದಲ್ಲಿ ತಪ್ಪದೆ ಇಡುತ್ತಿದ್ದ ಲೆಕ್ಕವು ಜನನ ಮರಣಗಳದು. ಪ್ಲೇಗು, ಕಾಲರಾ, ಸಿಡುಬುಗಳು ಕೊಲ್ಲುವ ರೋಗಗಳಾದುದರಿಂದ ಮರಣದ ಪುಸ್ತಕದಲ್ಲಿ ಅವಕ್ಕೆ ಸ್ಥಾನ ದೊರೆಯಿತು. ಕುಂಟಿಸುವ ರೋಗಕ್ಕೆ ಆ ಪುಸ್ತಕದಲ್ಲಿ ಮನೆಯೇ ಇರಲಿಲ್ಲ. ನಾರುಹುಣ್ಣಿನವನು ದವಾಖಾನೆಗೂ ಬಾರನು. ಹಳ್ಳಿಯಲ್ಲಿ ಹುಳು ಸೆಳೆಯುವ ಅನುಭವಸ್ಥರಲ್ಲಿಗೆ ಹೋಗುವನು. ಹೀಗಾಗಿ ಸಾವಿರಾರು ಕಾಲುಗಳು ವರ್ಷವರ್ಷವೂ ಕಟ್ಟಿಬಿದ್ದರೂ ಸರ್ಕಾರದ ಕಾಗದದಲ್ಲಿ ಊರು ಆರೋಗ್ಯವಾಗಿಯೇ ಇದ್ದಿತು.

ಬಾವಿಯ ಹಕ್ಕಿನ ವಿಷಯವನ್ನೂ ಇಲ್ಲಿ ಮರೆಯಲಾಗದು. ಅಸ್ಪೃಶ್ಯರೆನಿಸಿಕೊಂಡವರಿಗೆ ಸವರ್ಣೀಯರ ಬಾವಿಯ ಪಾವಟಿಗೆಗಳನ್ನು ಇಳಿಯಲು ಅವಕಾಶವಿರಲಿಲ್ಲ. ಯಾರಾದರೂ ಕನಿಕರಪಟ್ಟು ಎರೆದ ನೀರು, ಇಲ್ಲವೆ ಹಳ್ಳದ ಒರತೆ, ಇಲ್ಲವೆ ತಮ್ಮದೇ ಆದೊಂದು ಕೆಟ್ಟ ಹೊಂಡ, ಇವೇ ಅವರ ಪಾಲು. ಮೈಲಿಗೆಯನ್ನು ದೂರವಿಡುವುದಕ್ಕೆಂದು ಇಷ್ಟು ಕಾವಲಿದ್ದ ಬಾವಿಗಳಲ್ಲಿಯೇ ಶುದ್ಧರೆನಿಸಿಕೊಂಡವರ ಕಾಲುಗಳಿಂದ ಹುಳುವಿನ ಮರಿಗಳು ನೀರಿಗಿಳಿದು, ಅವರ ಮಕ್ಕಳ ಹೊಟ್ಟೆಯನ್ನೇ ಸೇರುತ್ತಿದ್ದವು. ಶೌಚಾಶೌಚದ ವಿಷಯದಲ್ಲಿ ಸಂಪ್ರದಾಯಕ್ಕೂ ವಿಜ್ಞಾನಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನವು ದೊರೆಯುವುದು ಕಷ್ಟ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದೊಡನೆ ಒಂದಾಯಿತು. 1956ರ ನವೆಂಬರ್ 1ರಂದು ಕಲಬುರ್ಗಿಯು ಕನ್ನಡ ರಾಜ್ಯವನ್ನು ಸೇರಿತು. 1964ರ ಪೌರಸಭೆಗಳ ಶಾಸನವು ನೀರು, ನೈರ್ಮಲ್ಯ, ಜನನ ಮರಣಗಳ ನೋಂದಣಿ ಇವನ್ನು ಊರಿನ ಆಡಳಿತದ ಕರ್ತವ್ಯಗಳೆಂದು ವಿಧಿಸಿತು. ಸಿಡುಬು 1975ರಲ್ಲಿ ದೇಶದಿಂದ ತೊಲಗಿತು. ಆಗ ಮನೆಮನೆಗೂ ಹೋಗಿ ರೋಗಿಯನ್ನು ಹುಡುಕುವ ವಿದ್ಯೆಯನ್ನು ಆರೋಗ್ಯ ಇಲಾಖೆಯ ಕಿರಿಯ ನೌಕರರು ಚೆನ್ನಾಗಿ ಕಲಿತಿದ್ದರು. ಅದೇ ವಿದ್ಯೆಯು ನಾರುಹುಣ್ಣಿನ ಮೇಲೆ ತಿರುಗಿದುದು 1983–84ರಲ್ಲಿ. ಆ ವರ್ಷ ಭಾರತ ಸರ್ಕಾರವು ನಾರುಹುಣ್ಣು ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ರೋಗವಿದ್ದ ರಾಜ್ಯಗಳಲ್ಲಿ ಕರ್ನಾಟಕವೂ, ಅದರ ರೋಗಪೀಡಿತ ಜಿಲ್ಲೆಗಳಲ್ಲಿ ಕಲಬುರ್ಗಿಯೂ ಒಂದು.

ಕಾರ್ಯಕ್ರಮದ ಮೊದಲ ಹೆಜ್ಜೆಯೇ ಹೊಸದೊಂದು ಪುಸ್ತಕ. ವರ್ಷಕ್ಕೆ ಹಲವು ಬಾರಿ ಆರೋಗ್ಯ ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ, ಶಾಲೆಯ ಮಕ್ಕಳನ್ನೂ ಸಂತೆಗೆ ಬಂದವರನ್ನೂ ಮನೆಯ ಹೆಂಗಸರನ್ನೂ ಕೇಳಿ, ಯಾರ ಕಾಲಿನಲ್ಲಿ ಹುಳು ಕಂಡಿತು, ಅವರು ಯಾವ ಬಾವಿಯ ನೀರು ಕುಡಿದರು ಎಂಬುದನ್ನು ಬರೆದುಕೊಂಡರು. 1984ರಲ್ಲಿ ದೇಶದಲ್ಲಿ 12,840 ಹಳ್ಳಿಗಳಿಂದ 39,792 ರೋಗಿಗಳು ಪತ್ತೆಯಾದರು. ಮರಣದ ಪುಸ್ತಕದಲ್ಲಿ ತಲೆತಲಾಂತರದಿಂದ ಸ್ಥಳ ಸಿಕ್ಕದ ರೋಗಿಗಳಿಗೆ ಲೆಕ್ಕದಲ್ಲಿ ಸ್ಥಳ ದೊರೆತುದು ಹೀಗೆ.

ಎರಡನೆಯ ಹೆಜ್ಜೆಯು ಬಾವಿಯ ರೂಪವನ್ನೇ ಬದಲಾಯಿಸುವುದು. ಮೆಟ್ಟಿಲುಗಳನ್ನು ಮುಚ್ಚಿ, ಸುತ್ತಲೂ ಕಟ್ಟೆ ಕಟ್ಟಿ, ಗಾಲಿಯನ್ನು ನಿಲ್ಲಿಸಿ ಸೇದುವ ಬಾವಿಯಾಗಿ ಮಾಡಬೇಕು. ಅದಾಗದಲ್ಲಿ ಕೊಳವೆಬಾವಿಯನ್ನು ಕೊರೆಯಬೇಕು. ಇದನ್ನು ಎಲ್ಲರೂ ಸಂತೋಷದಿಂದ ಒಪ್ಪುವಂತಿರಲಿಲ್ಲ. ಹಿರಿಯರು ಕಟ್ಟಿಸಿದ ಪಾವಟಿಗೆಗಳನ್ನು ಮುಚ್ಚುವುದೆಂದರೆ ಊರಿಗೆ ನೋವು. ಹುಡುಗರಿಗೆ ಈಜುವ ಸ್ಥಳವು ತಪ್ಪುವುದು. ಎಲ್ಲಕ್ಕಿಂತ ಮಿಗಿಲಾಗಿ, ಕೈಯಲ್ಲಿ ಕೊಡವೊಂದಿದ್ದರೆ ಸಾಕಾಗಿದ್ದ ಹೆಂಗಸು ಇನ್ನು ಹಗ್ಗವನ್ನು ಕೊಂಡು, ಬೇಸಗೆಯ ಆಳದಿಂದ ತೋಳು ನೋಯುವಂತೆ ಸೇದಬೇಕು. ಆರೋಗ್ಯದ ಲಾಭವು ಊರಿಗೆಲ್ಲ ಸೇರಿದರೂ ಅದರ ದುಡಿಮೆಯು ಅವಳೊಬ್ಬಳ ಮೇಲೆ ಬೀಳುವುದೆಂಬುದನ್ನು ಬಲ್ಲ ಕಾರ್ಯಕರ್ತರು ಮಾತ್ರವೇ ಅವಳ ಮನವನ್ನು ಒಲಿಸಿಕೊಳ್ಳಲು ಸಮರ್ಥರು.

ಈ ಸಂದರ್ಭದಲ್ಲಿ ಕರ್ನಾಟಕಕ್ಕೆ ಒದಗಿಬಂದ ಭಾಗ್ಯವೆಂದರೆ ಅಬ್ದುಲ್ ನಜೀರ್ ಸಾಬರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿ ಗ್ರಾಮಾಭಿವೃದ್ಧಿಯ ಹೊಣೆಯನ್ನು ಹೊತ್ತ ಇವರು ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆಯಿಸಿ ಕೈಪಂಪು ನಿಲ್ಲಿಸುವುದನ್ನು ವ್ರತದಂತೆ ನಡೆಸಿದರು. ಜನರು ಇವರನ್ನು ‘ನೀರ್ ಸಾಬ್’ ಎಂದೇ ಕರೆದರು. ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಶಾಸನವನ್ನು ರೂಪಿಸಿದವರೂ ಇವರೇ. 1987ರಲ್ಲಿ ಚುನಾಯಿತ ಪರಿಷತ್ತುಗಳು ಅಸ್ತಿತ್ವಕ್ಕೆ ಬಂದವು. ಮರುವರ್ಷವೇ ನಜೀರ್ ಸಾಬರು ತೀರಿಕೊಂಡರು. ನೂರು ವರ್ಷಗಳ ಹಿಂದೆ ತಹಸೀಲ್ದಾರನ ಅಧ್ಯಕ್ಷತೆಯಲ್ಲಿ ಕುಳಿತ ಮಂಡಲಿಯ ಸ್ಥಾನದಲ್ಲಿ, ಊರಿನವರೇ ಆರಿಸಿದ ಮಂಡಲಿಯು ಕುಳಿತು ತನ್ನ ಬಾವಿಯ ವಿಚಾರವನ್ನು ತಾನೇ ಮಾಡುವಂತಾಯಿತು. ನೆಲದ ಆಳದಿಂದ ಮುಚ್ಚಿದ ಕೊಳವೆಯ ಮೂಲಕ ಬರುವ ನೀರಿನಲ್ಲಿ ಯಾರ ಕಾಲೂ ಮುಳುಗುವಂತಿಲ್ಲ. ಆದುದರಿಂದ ಹುಳುವಿನ ಸರಪಣಿಯು ಅಲ್ಲಿಗೆ ಕಡಿಯುವುದು. ಕೇರಿಕೇರಿಗೂ ಪಂಪು ನಿಂತಲ್ಲಿ, ಯಾರ ಬಾವಿ ಯಾರಿಗೆ ಎಂಬ ಹಳೆಯ ಜಗಳವು ಪೂರ್ತಿ ಅಳಿಯದಿದ್ದರೂ ಅದರ ಹಿಡಿತವು ಸಡಿಲಾಯಿತು.

ಬಾವಿಯನ್ನು ಬದಲಾಯಿಸಲು ತಡವಾಗುವಲ್ಲಿ ಮೂರನೆಯ ಉಪಾಯಗಳು ನಡೆದವು. ಹತ್ತು ಲಕ್ಷ ಪಾಲು ನೀರಿಗೆ ಒಂದು ಪಾಲಿನಂತೆ ಟೆಮೆಫಾಸ್ ಎಂಬ ಔಷಧವನ್ನು ಬೆರೆಸಿ ಸೈಕ್ಲಾಪ್ಸನ್ನು ಕೊಲ್ಲುವುದು. ಮನೆಯ ಕೊಡದ ಬಾಯಿಗೆ ಸಣ್ಣ ನೇಯ್ಗೆಯ ಬಟ್ಟೆಯನ್ನು ಕಟ್ಟಿ ನೀರು ಸೋಸುವುದು. ಹುಣ್ಣಾದವರು ನೀರಿಗಿಳಿಯದಂತೆ ತಿಳಿಹೇಳಿ ಪಟ್ಟಿ ಕಟ್ಟುವುದು. ಇವುಗಳಲ್ಲಿ ಯಾವುದೂ ವಿದ್ವಾಂಸರನ್ನು ಬೆರಗುಗೊಳಿಸತಕ್ಕುದಲ್ಲ. ಬಟ್ಟೆ, ಹಗ್ಗ, ಕಲ್ಲು ಗಾರೆ, ಮತ್ತು ಬಿಡದೆ ವಿಚಾರಿಸುವ ಒಬ್ಬ ಮನುಷ್ಯ, ಇಷ್ಟೇ ಸಾಧನಗಳು.

ಫಲವು ಹೇಗೆ ಬಂದಿತೆಂಬುದಕ್ಕೆ ಲೆಕ್ಕವೇ ಸಾಕ್ಷಿ. ದೇಶದ ರೋಗಿಗಳ ಸಂಖ್ಯೆಯು 1994ರಲ್ಲಿ 371ಕ್ಕೂ, 1995ರಲ್ಲಿ 60ಕ್ಕೂ ಇಳಿಯಿತು. 1996ರಲ್ಲಿ ಕಂಡವರು ಒಂಬತ್ತೇ ಮಂದಿ. ಆ ವರ್ಷದ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡ ರೋಗಿಯೇ ಭಾರತದ ಕೊನೆಯವನು. ಅಲ್ಲಿಗೆ ಕೆಲಸವು ಮುಗಿಯಲಿಲ್ಲ. ರೋಗಿಯು ಸಿಕ್ಕಲಿಲ್ಲವೆಂಬುದು ಬೇರೆ, ರೋಗಿಯು ಇಲ್ಲವೆಂಬುದು ಬೇರೆ. ಎರಡನೆಯದನ್ನು ಸಿದ್ಧಪಡಿಸಲು ಮೂರು ವರ್ಷಗಳಿಗೆ ಮೇಲ್ಪಟ್ಟು ಮತ್ತೆ ಮತ್ತೆ ಅದೇ ಹಳ್ಳಿಗಳಿಗೆ ಹೋಗಿ, ಅದೇ ಪ್ರಶ್ನೆಯನ್ನು ಕೇಳಿ, ಪುಸ್ತಕದಲ್ಲಿ ಸೊನ್ನೆಯನ್ನು ಬರೆಯಬೇಕಾಯಿತು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ಪ್ರಮಾಣಪತ್ರವನ್ನಿತ್ತಿತು. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರಿಗೆ ಇದ್ದ ಈ ರೋಗವು 2023ರಲ್ಲಿ ಕಾಣಿಸಿಕೊಂಡುದು ಆಫ್ರಿಕ ಖಂಡದ 14 ಮಂದಿಯಲ್ಲಿ ಮಾತ್ರ. ಇಂದು ಕಲಬುರ್ಗಿಯ ಶಾಲೆಯ ಮಕ್ಕಳಿಗೆ ನಾರುಹುಣ್ಣೆಂದರೆ ಏನೆಂಬುದೇ ತಿಳಿಯದು. ಆ ಅಜ್ಞಾನವೇ ಈ ಕೆಲಸಕ್ಕೆ ಸಂದ ಬಹುಮಾನ.

ಆದರೆ ಊರಿನ ಆರೋಗ್ಯವು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಒಡವೆಯಲ್ಲ. ಕೊಳವೆಬಾವಿಗಳ ಆಳವು ಹೆಚ್ಚಿದಂತೆ ಕೆಲವೆಡೆ ನೀರಿನಲ್ಲಿ ಫ್ಲೋರೈಡಿನ ಅಂಶವು ಕಾಣಿಸಿ, ಹಲ್ಲು ಎಲುಬುಗಳನ್ನು ಕೆಡಿಸತೊಡಗಿತು. ಇದೂ ಕೊಲ್ಲದೆ ಕುಂದಿಸುವ ದೋಷವಾದುದರಿಂದ ಮರಣದ ಪುಸ್ತಕಕ್ಕೆ ಬಾರದು. 2020ರ ಮಾರ್ಚ್ 10ರಂದು ಕೋವಿಡ್ ರೋಗದಿಂದ ದೇಶದಲ್ಲಿ ಮೊದಲು ಸತ್ತವರು ಕಲಬುರ್ಗಿಯವರೇ. ಆಗಲೂ ಊರಿನ ಆಡಳಿತವು ಮೊದಲು ಕೈಹಾಕಿದುದು ಹಳೆಯ ಉಪಾಯಕ್ಕೇ: ಸೋಂಕಿತನೊಡನೆ ಯಾರು ಕುಳಿತರು, ಯಾರು ಉಂಡರು, ಯಾರು ಉಪಚರಿಸಿದರು ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳುವುದು. ಮನೆಯ ಬಾಗಿಲಲ್ಲಿ ನಿಂತು ಕೇಳಿದವರಲ್ಲಿ ಆಶಾ ಕಾರ್ಯಕರ್ತೆಯರು ಮುಂದಾಳುಗಳು.

ಕಲಬುರ್ಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಕುರಿಕೋಟೆಯ ಬಳಿ ಬೆಣ್ಣೆತೊರೆಯನ್ನು ದಾಟಿ ಮುಂದೆ ಸಾಗಿದರೆ ಕಮಲಾಪುರವು ಸಿಕ್ಕುವುದು. ಕೆಂಪು ಬಾಳೆಯ ಹಣ್ಣಿನಿಂದ ಹೆಸರಾದ ಈ ಊರು ಇತ್ತೀಚಿನ ವರ್ಷಗಳಲ್ಲಿ ತಾಲ್ಲೂಕಿನ ಕೇಂದ್ರವಾಗಿದೆ. ಊರು ದೊಡ್ಡದಾಗಿ ಕಚೇರಿಗಳು ಬಂದಾಗ ಅದರೊಡನೆ ಅಂಗಡಿಗಳೂ, ಬಾಡಿಗೆಯ ಮನೆಗಳೂ, ಅವುಗಳ ಬಚ್ಚಲ ನೀರೂ ಬರುವುವು. ಹಿಂದೆ ಒಂದು ಬಾವಿಯ ಸುತ್ತ ಮುಗಿಯುತ್ತಿದ್ದ ಆರೋಗ್ಯದ ವಿಚಾರವು ಈಗ ಚರಂಡಿ, ಕಸ, ನಲ್ಲಿಯ ಕೊಳವೆಗಳವರೆಗೆ ಹಬ್ಬುವುದು. ಇಂತಹ ಸಣ್ಣ ಪಟ್ಟಣದ ಆಡಳಿತಕ್ಕೆ ದೊಡ್ಡ ವಿಜ್ಞಾನಶಾಲೆಗಳಿಲ್ಲ; ಇರಬೇಕಾದುದೂ ಇಲ್ಲ. ಆದರೆ ಯಾವ ಓಣಿಯಲ್ಲಿ ಕುಡಿಯುವ ನೀರಿನ ಕೊಳವೆಯು ಚರಂಡಿಯ ಪಕ್ಕದಲ್ಲಿ ಸೋರುತ್ತಿದೆ, ಯಾವ ಕೇರಿಗೆ ವಾರದಿಂದ ನೀರು ಬಂದಿಲ್ಲ, ಯಾವ ಮಗುವಿನ ಹಲ್ಲಿನಲ್ಲಿ ಕಲೆ ಕಾಣಿಸಿದೆ ಎಂಬುದು ದೆಹಲಿಗೂ ಬೆಂಗಳೂರಿಗೂ ತಾನಾಗಿ ತಿಳಿಯದು. ಅದನ್ನು ಕಂಡು ಬರೆಯಬಲ್ಲವರು ಆ ಊರಿನವರೇ.

ನಾರುಹುಣ್ಣಿನ ಚರಿತ್ರೆಯು ವಾಚಕರಿಗೆ ತಿಳಿಸುವ ಸಂಗತಿಯು ಇದೇ. ವಿಜ್ಞಾನವು ಕಾರಣವನ್ನು 1870ರಲ್ಲಿಯೇ ಹೇಳಿದ್ದಿತು; ರೋಗವು ದೇಶದಿಂದ ಹೋದುದು 1996ರಲ್ಲಿ. ನಡುವಣ ನೂರಿಪ್ಪತ್ತಾರು ವರ್ಷಗಳಲ್ಲಿ ಬಹುಪಾಲು ಕಳೆದುದು ರೋಗಿಯನ್ನು ಯಾರೂ ಎಣಿಸದ ಕಾರಣದಿಂದ. ಎಣಿಸತೊಡಗಿದ ಮೇಲೆ ಹನ್ನೆರಡೇ ವರ್ಷಗಳು ಸಾಕಾದವು. ಆದಕಾರಣ ಊರಿನ ಮಂಡಲಿಯ ಸಭೆಯಲ್ಲಿ ಕುಳಿತವರು ವರ್ಷಕ್ಕೊಮ್ಮೆಯಾದರೂ ಸತ್ತವರ ಪಟ್ಟಿಯನ್ನು ಬದಿಗಿಟ್ಟು, ಬದುಕಿದ್ದೂ ನರಳುವವರ ಪಟ್ಟಿಯೆಲ್ಲಿದೆಯೆಂದು ಕೇಳತಕ್ಕದ್ದು.